ಕ್ಯಾನ್ಸರ್ ಟೆಸ್ಟಿಗೆ ಅಂತ ಹಣ ಕೂಡಿಸಿದ್ದೇವೆ. ಮಂಗಳೂರು, ಉಡುಪಿ ಕಡೆ ಎಲ್ಲಿ ಹಾಕಿದರೆ ನಿಜವಾಗಿ ಉಪಯೋಗ?

ಪಡುಬಿದ್ರಿ ಕಡಲು:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಊರಿನ ಕೆಲವರು, ಗಲ್ಫ್ ಮತ್ತು ಮುಂಬೈಯಲ್ಲಿರುವ ನಮ್ಮವರು ಸೇರಿ ಒಂದು ಸಣ್ಣ ಬಳಗ ಮಾಡಿಕೊಂಡಿದ್ದೇವೆ. ನಮ್ಮ ಗೆಳೆಯನೊಬ್ಬ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಬೀಡಿ, ಸಿಗರೇಟು ಮುಟ್ಟಿದವನಲ್ಲ. ಬಯಾಪ್ಸಿ, ಅಂದರೆ ಗಡ್ಡೆಯ ತುಂಡು ತೆಗೆದು ನೋಡುವುದು ಆದ ಮೇಲೆ, ಯಾವ ಮದ್ದು ಹಿಡಿಯುತ್ತದೆ ಅಂತ ತಿಳಿಯಲು ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅಂದರು. ಮನೆಯವರು ಹಣ ಹೊಂದಿಸಿ, ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಿ, ಅದು ಸಾಲುವುದಿಲ್ಲ ಅಂತ ವಾಪಸ್ ಬಂದು, ಇನ್ನೊಮ್ಮೆ ಬಯಾಪ್ಸಿ ಮಾಡಬೇಕು ಅನ್ನುವಷ್ಟರಲ್ಲಿ ಅವನಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಅವನ ನೆನಪಿನಲ್ಲಿ ಹಣ ಒಟ್ಟು ಮಾಡಿದ್ದೇವೆ. ಈಗ ಬಳಗದಲ್ಲೇ ಮೂರು ಅಭಿಪ್ರಾಯ. ಕೆಲವರಿಗೆ ಯಾವುದಾದರೂ ಆಸ್ಪತ್ರೆಗೆ ಒಂದು ಯಂತ್ರ ಕೊಡಬೇಕು ಅಂತ. ಕೆಲವರಿಗೆ ಊರಲ್ಲಿ ಕ್ಯಾಂಪ್ ಮಾಡಿ, ಒಂದೇ ಸಲ ರಕ್ತ ತೆಗೆದು ಹತ್ತಾರು ಕ್ಯಾನ್ಸರ್ ನೋಡುತ್ತಾರಂತಲ್ಲ, ಆ ಟೆಸ್ಟ್ ಮಾಡಿಸಬೇಕು ಅಂತ. ಇನ್ನು ಕೆಲವರು ಬಡವರ ಜೀನ್ ಟೆಸ್ಟಿನ ಖರ್ಚು ಕೊಡೋಣ ಅನ್ನುತ್ತಾರೆ. ಈ ಕ್ಷೇತ್ರ ಗೊತ್ತಿರುವವರು ದಯವಿಟ್ಟು ಹೇಳಿ.

ಬೆಳ್ತಂಗಡಿಯವ:
ಒಳ್ಳೆ ಕೆಲಸ. ಕ್ಯಾಂಪ್ ಮಾತ್ರ ಬೇಡ ಮಾರಾಯ್ರೆ. ಕಾರಣ ಗೊತ್ತಿರುವವರು ಹೇಳಲಿ, ಇಲ್ಲದಿದ್ದರೆ ರಾತ್ರಿ ನಾನೇ ಬರೆಯುತ್ತೇನೆ.

ಲ್ಯಾಬ್ ಅಕ್ಕ:
ನಾನು ಮಂಗಳೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಗೆಳೆಯನ ಸ್ಯಾಂಪಲ್ ಯಾಕೆ ವಾಪಸ್ ಬಂತು ಅಂತ ನನಗೆ ಗೊತ್ತಿಲ್ಲ. ಆದರೆ ಹಾಗೆ ವಾಪಸ್ ಬರುವುದು ಅಪರೂಪ ಅಲ್ಲ. ಜೀನ್ ಟೆಸ್ಟ್ ಶುರುವಾಗುವುದು ದೊಡ್ಡ ಯಂತ್ರದ ಎದುರು ಅಂತ ಎಲ್ಲರೂ ತಿಳಿದಿದ್ದಾರೆ. ಅದು ಶುರುವಾಗುವುದು ಸೂಜಿಯಿಂದ ತೆಗೆದ ತುಂಡನ್ನು ಬಾಟ್ಲಿಗೆ ಹಾಕುವ ಆ ಒಂದು ನಿಮಿಷದಲ್ಲಿ.

ನಮ್ಮಲ್ಲಿಗೆ ಬರುವ ಬಾಟ್ಲಿಗಳನ್ನು ನೋಡಬೇಕು ನೀವು. ಘಟ್ಟದ ಬುಡದ ಊರುಗಳಿಂದ ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ. ಒಮ್ಮೆ ಇಂಜೆಕ್ಷನ್ನಿನ ಖಾಲಿ ಬಾಟ್ಲಿ, ಕತ್ತು ಎಷ್ಟು ಕಿರಿದು ಅಂದರೆ ಒಳಗೆ ಹೋಗುವಾಗ ಮೆತ್ತಗಿದ್ದ ತುಂಡು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಒಡೆದೇ ತೆಗೆಯಬೇಕು. ಒಮ್ಮೆ ತುಂಡು ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣದ ಬದಲು ಸಲೈನ್, ಅಂದರೆ ಉಪ್ಪುನೀರು. ಶನಿವಾರ ಮಧ್ಯಾಹ್ನ ತೆಗೆದದ್ದು, ಸೋಮವಾರ ನಮ್ಮ ಕೈಗೆ. ಸಲೈನಿನಲ್ಲಿ ಎರಡು ದಿನ ಇದ್ದ ತುಂಡು ಕೊಳೆತಿರುತ್ತದೆ. ಅದರಿಂದ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳುವುದೇ ಕಷ್ಟ, ಜೀನ್ ನೋಡುವುದು ದೂರದ ಮಾತು.

ಬೇಕಾಗಿರುವುದು ಇಷ್ಟು. ಅಗಲ ಬಾಯಿಯ ಡಬ್ಬಿ. ಬಫರ್ ಹಾಕಿದ 10 ಶೇಕಡಾ ಫಾರ್ಮಲಿನ್, ತುಂಡಿನ ಗಾತ್ರಕ್ಕಿಂತ ಹತ್ತು ಪಟ್ಟಾದರೂ. ತೆಗೆದ ಒಂದು ಗಂಟೆಯೊಳಗೆ ಅದರೊಳಗೆ ಬೀಳಬೇಕು. ಸ್ತನದ ಕ್ಯಾನ್ಸರಿಗೆ ಯಾವ ಮದ್ದು ಅಂತ ಆರಿಸಲು ಮಾಡುವ ಇಆರ್, ಪಿಆರ್, ಹರ್2 ಟೆಸ್ಟಿಗೆ 6 ಗಂಟೆಗಿಂತ ಕಡಿಮೆ ಅಥವಾ 72 ಗಂಟೆಗಿಂತ ಜಾಸ್ತಿ ಫಾರ್ಮಲಿನಿನಲ್ಲಿ ಇದ್ದರೆ ಫಲಿತಾಂಶ ನಂಬುವಂತಿಲ್ಲ. ಹಾಗಾಗಿ ಡಬ್ಬಿಯ ಮೇಲೆ ತೆಗೆದ ಟೈಮ್ ಬರೆಯಬೇಕು. ಇದಕ್ಕೆ ಕೋಟಿ ಬೇಡ. ಆದರೆ ತಾಲೂಕು ಆಸ್ಪತ್ರೆಯಲ್ಲಿ, ಸಣ್ಣ ನರ್ಸಿಂಗ್ ಹೋಮಿನಲ್ಲಿ ಇದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ.

ಸುರತ್ಕಲ್ ಕೋಡರ್:
ಎಲ್ಲಾ ಸರಿ. ಆದರೆ ನಾವು ಯಾವಾಗಲೂ ಬೆಂಗಳೂರಿಗೆ, ದಿಲ್ಲಿ ಕಡೆಗೆ ಸ್ಯಾಂಪಲ್ ಕಳಿಸಿಕೊಂಡೇ ಇರಬೇಕಾ? ಇಷ್ಟು ಮೆಡಿಕಲ್ ಕಾಲೇಜು ಇರುವ ಊರು ದೇಶದಲ್ಲಿ ಎಷ್ಟು ಉಂಟು? ಕೋವಿಡ್ ಬಂದಾಗ 2020ರಲ್ಲಿ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೇ ಲ್ಯಾಬ್ ಶುರು ಆಗಲಿಲ್ವಾ? ಮನಸ್ಸು ಮಾಡಿದರೆ ಆಗುತ್ತದೆ. ಜೀನ್ ಓದುವ ಸೀಕ್ವೆನ್ಸಿಂಗ್ ಯಂತ್ರವೇ ಇಲ್ಲಿಗೆ ಬರಲಿ. ಬಳಗದ ಹಣದ ಜೊತೆ ಕಂಪೆನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಸೇರಿಸಿದರೆ ಸಾಧ್ಯ.

ಲ್ಯಾಬ್ ಅಕ್ಕ:
ಕೋವಿಡ್ ಟೆಸ್ಟಿಗೂ ಇದಕ್ಕೂ ವ್ಯತ್ಯಾಸ ಉಂಟು. ಅಲ್ಲಿ ದಿನಕ್ಕೆ ಸಾವಿರಗಟ್ಟಲೆ ಸ್ಯಾಂಪಲ್, ಒಂದೇ ವೈರಸ್, ಉತ್ತರ ಹೌದು ಅಥವಾ ಇಲ್ಲ. ಸೀಕ್ವೆನ್ಸಿಂಗ್ ಯಂತ್ರ ಒಂದು ಸಲ ಓಡಿಸಿದರೆ ಕಿಟ್‌ನ ಖರ್ಚು ಅದರೊಳಗಿರುವ ಎಲ್ಲಾ ಸ್ಯಾಂಪಲ್‌ಗಳಿಗೆ ಹಂಚಿಹೋಗುತ್ತದೆ. ಸ್ಯಾಂಪಲ್ ಕಮ್ಮಿ ಇದ್ದರೆ ಒಬ್ಬೊಬ್ಬರಿಗೆ ಖರ್ಚು ಜಾಸ್ತಿ. ಇಲ್ಲ, ತುಂಬುವ ತನಕ ಕಾಯಬೇಕು. ಕಾಯುವಷ್ಟು ಟೈಮ್ ರೋಗಿಗೆ ಇಲ್ಲ. ಮತ್ತೆ ಬಂದ ಡೇಟಾ ಓದಿ ರಿಪೋರ್ಟ್ ಬರೆಯುವ ಜನ ಬೇಕು, ಕಿಟ್‌ಗೆ ಎಕ್ಸ್‌ಪೈರಿ ಉಂಟು, ಯಂತ್ರಕ್ಕೆ ವರ್ಷವರ್ಷ ಸರ್ವಿಸ್ ಹಣ ಕಟ್ಟಬೇಕು. ದಾನ ಬಂದ ಯಂತ್ರಗಳು ಕವರ್ ಹಾಕಿ ಮೂಲೆಯಲ್ಲಿ ಇರುವುದನ್ನು ಈ ಊರಲ್ಲಿ ನಾನು ನೋಡಿದ್ದೇನೆ. ಎಲ್ಲಿ ಅಂತ ಕೇಳಬೇಡಿ.

ಸುರತ್ಕಲ್ ಕೋಡರ್:
ಹಾಗಾದರೆ ಎಲ್ಲಾ ಕಾಲೇಜುಗಳೂ ಸೇರಿ ಒಂದು ಯಂತ್ರ ಇಟ್ಟುಕೊಳ್ಳಲಿ. ಎರಡೂ ಜಿಲ್ಲೆಯ ಸ್ಯಾಂಪಲ್ ಒಂದೇ ಕಡೆ ಬಂದರೆ ತುಂಬುತ್ತದಲ್ಲ? ಸರಕಾರಿ ರೋಗಿಗಳಿಗೆ ಇಂತಿಷ್ಟು ಅಂತ ಮೊದಲೇ ಬರೆದಿಡಲಿ.

ಹಳೆ ಸರ್ಜನ್:
ಈ ಮಾತು ಸರಿ. ನಾನೂ ಅದನ್ನೇ ಹೇಳುತ್ತಾ ಬಂದಿದ್ದೇನೆ. ಟಾಟಾ ಮೆಮೋರಿಯಲ್‌ನವರು ಮುಂದೆ ನಿಂತು 2012ರಲ್ಲಿ ಶುರು ಮಾಡಿದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಔಷಧಿ ವಿಷಯದಲ್ಲಿ ಇದನ್ನೇ ಮಾಡಿತು. ದೇಶದ ಆಸ್ಪತ್ರೆಗಳು ಒಟ್ಟಾಗಿ ಚೌಕಾಸಿ ಮಾಡಿದವು, ಬೆಲೆ ಇಳಿಯಿತು. ಟೆಸ್ಟಿಗೂ ಅದೇ ದಾರಿ ಹಿಡಿಯಬಹುದು. ಇಲ್ಲಿನ ಕಾಲೇಜುಗಳು ಒಂದೇ ದರಕ್ಕೆ ಒಂದೇ ಲ್ಯಾಬಿನ ಜೊತೆ ಮಾತಾಡಿದರೆ ಯಂತ್ರ ಕೊಳ್ಳುವ ಮೊದಲೇ ಖರ್ಚು ಇಳಿಯುತ್ತದೆ. ಆದರೆ ಪಕ್ಕಪಕ್ಕದ ಕಾಲೇಜುಗಳು ಒಂದು ಮೇಜಿಗೆ ಬಂದು ಕೂರಬೇಕು. ಅದು ನಿಮ್ಮ ಬಳಗದಿಂದ ಆಗುವ ಕೆಲಸ ಅಲ್ಲ, ಆರೋಗ್ಯ ಇಲಾಖೆ ಕೂರಿಸಬೇಕು.

ಕಾರ್ಡ್ ವಿಚಾರ:
ಯಂತ್ರದ ಮಾತು ಸಾಕು. ದುಡ್ಡಿನ ಮಾತಿಗೆ ಬನ್ನಿ. ನಾನು ರೋಗಿಗಳ ಕಾರ್ಡ್, ಕಾಗದಪತ್ರ ಮಾಡಿಸಿಕೊಡುವ ಕೆಲಸದಲ್ಲಿದ್ದೇನೆ, ಸಂಬಳಕ್ಕಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಕೇಳಲಿಕ್ಕೆ ದೊಡ್ಡ ಮೊತ್ತ. ಆದರೆ ಆ ಹಣ ಬರುವುದು ಆಸ್ಪತ್ರೆಗೆ ದಾಖಲಾದ ಮೇಲೆ. ದಾಖಲಾಗುವ ಮೊದಲಿನ 3 ದಿನದ ಖರ್ಚು, ಬಿಡುಗಡೆ ಆದ ನಂತರದ 15 ದಿನದ್ದು, ಇಷ್ಟೇ ಅದರೊಳಗೆ ಸೇರುವುದು. ಹೊರರೋಗಿಯಾಗಿ ಮಾಡಿಸುವ ಟೆಸ್ಟ್ ಇದರೊಳಗೆ ಇಲ್ಲ.

ಈಗ ಲೆಕ್ಕ ಹಾಕಿ. ಮೂಡುಬಿದಿರೆಯ ಒಬ್ಬ ಹೆಂಗಸಿಗೆ ಎದೆಯಲ್ಲಿ ಗಡ್ಡೆ. ಮ್ಯಾಮೋಗ್ರಾಂ, ಸ್ಕ್ಯಾನ್, ಬಯಾಪ್ಸಿ, ಆಮೇಲೆ ಐಎಚ್‌ಸಿ, ಅಂದರೆ ತುಂಡಿಗೆ ಬಣ್ಣ ಹಿಡಿಸಿ ಹರ್2 ಮುಂತಾದವು ಉಂಟಾ ಅಂತ ನೋಡುವುದು. ಹರ್2 ಎರಡು ಪ್ಲಸ್ ಅಂತ ಬಂದರೆ ಹೌದು ಅಲ್ಲ ಎರಡೂ ಅಲ್ಲ, ಆ ಜೀನನ್ನೇ ನೋಡುವ ಫಿಶ್ ಅನ್ನುವ ಇನ್ನೊಂದು ಟೆಸ್ಟ್. ಇದೆಲ್ಲಾ ಮುಗಿಯಲಿಕ್ಕೆ ಮೂರು ನಾಲ್ಕು ವಾರ. ಕ್ಯಾನ್ಸರ್ ಅಂತ ಸಾಬೀತಾಗುವ ತನಕ ಪೂರ್ತಿ ಕೈಯಿಂದ. ಸಾಬೀತಾದ ಮೇಲೆ ಕಾರ್ಡ್. ಎಷ್ಟೋ ಜನ ಈ ಮೂರು ವಾರದಲ್ಲೇ ಕಳೆದುಹೋಗುತ್ತಾರೆ. ಸಹಕಾರಿ ಸಂಘದ ಯಶಸ್ವಿನಿ ಇದ್ದವರಿಗೆ, ಧರ್ಮಸ್ಥಳದ ಸಂಪೂರ್ಣ ಸುರಕ್ಷಾ ಮಾಡಿಸಿದವರಿಗೆ, ಮಣಿಪಾಲದ ಆರೋಗ್ಯ ಕಾರ್ಡ್ ಇದ್ದವರಿಗೆ ಎಂತ ಸಿಗುತ್ತದೆ ಅಂತ ಬೇರೆ ಬೇರೆ ಕೇಳಬೇಕು, ಎಲ್ಲದರ ನಿಯಮ ಬೇರೆ.

ನಿಮ್ಮ ಹಣ ಈ ಸಂದಿಗೆ ಹಾಕಿ. ಹೆಚ್ಚಿನ ಯೋಜನೆಗಳು ಮುಟ್ಟದ ಜಾಗ ಇದು.

ಬೆಳ್ತಂಗಡಿಯವ:
ನೂರಕ್ಕೆ ನೂರು. ನನ್ನ ಚಿಕ್ಕಮ್ಮನಿಗೆ ಆದದ್ದು ಇದೇ. ಸಾಲದ್ದಕ್ಕೆ ಒಂದು ಕಡೆ ಮಾಡಿಸಿದ ಬಯಾಪ್ಸಿಯನ್ನು ಇನ್ನೊಂದು ಕಡೆಯವರು ಒಪ್ಪಲಿಲ್ಲ, ಮತ್ತೆ ಮಾಡಿಸಿದರು. ಬ್ಲಾಕ್ ಅಂತ ಒಂದು ಇರುತ್ತದೆ, ಅದನ್ನು ಕೇಳಿ ತೆಗೆದುಕೊಂಡು ಹೋಗಬಹುದು ಅಂತ ನಮಗೆ ಹೇಳಿದವರೇ ಇಲ್ಲ.

ಲ್ಯಾಬ್ ಅಕ್ಕ:
ದಯವಿಟ್ಟು ಎಲ್ಲರೂ ಇದನ್ನು ನೆನಪಿಡಿ. ತುಂಡನ್ನು ಮೇಣದಲ್ಲಿ ಹೂತು ಮಾಡಿದ್ದು ಬ್ಲಾಕ್, ಬೆರಳ ಅಗಲದ ಪ್ಲಾಸ್ಟಿಕ್ ಚೌಕದಲ್ಲಿ ಇರುತ್ತದೆ. ಒಳ್ಳೆಯ ಬ್ಲಾಕ್ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನೂ ಸ್ಲೈಡನ್ನೂ ಬರೆದು ಕೇಳಿದರೆ ಲ್ಯಾಬಿನವರು ಸಾಮಾನ್ಯವಾಗಿ ಕೊಡುತ್ತಾರೆ. ಬಿಸಿಲಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ಕುಂದಾಪ್ರದ ಹುಡುಗ:
ಒಂದು ಬೇರೆ ಪ್ರಶ್ನೆ. ಅಪ್ಪನಿಗೆ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ನೋಡುವ ಪೆಟ್ ಸ್ಕ್ಯಾನಿಗೆ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರಕೊಂಡು ಹೋದರೆ ಮದ್ದು ಬರಲಿಲ್ಲ, ನಾಳೆ ಬನ್ನಿ ಅಂದರು. ಶುಗರ್ ಇರುವ ಮನುಷ್ಯ. ಇದೆಂತ ವ್ಯವಸ್ಥೆ?

ಹಳೆ ಸರ್ಜನ್:
ನಿಮ್ಮ ಸಿಟ್ಟು ನ್ಯಾಯವೇ. ಅದರ ಹಿಂದಿನ ಕಾರಣ ಇದು. ಸ್ಕ್ಯಾನಿಗೆ ಮೊದಲು ಚುಚ್ಚುವ ಆ ಮದ್ದಿನಲ್ಲಿ ಇರುವುದು ವಿಕಿರಣ ಸೂಸುವ ಫ್ಲೋರಿನ್ 18. ಸುಮಾರು 110 ನಿಮಿಷಕ್ಕೆ ಅದರ ಶಕ್ತಿ ಅರ್ಧ ಆಗುತ್ತದೆ, ಇನ್ನೊಂದು 110 ನಿಮಿಷಕ್ಕೆ ಅದರರ್ಧ. ಸ್ಟಾಕ್ ಇಡಲಿಕ್ಕೆ ಆಗುವುದಿಲ್ಲ. ಅದನ್ನು ಮಾಡುವ ಸೈಕ್ಲೋಟ್ರಾನ್ ಯಂತ್ರ ಇರುವ ಕಡೆ ಬೆಳಿಗ್ಗೆ ತಯಾರಾಗಿ ಅದೇ ದಿನ ಬಂದು ಮುಟ್ಟಬೇಕು. ವಿಮಾನ ತಪ್ಪಿದರೆ, ರಸ್ತೆ ಕೆಟ್ಟರೆ, ಆ ದಿನದ ರೋಗಿಗಳೆಲ್ಲ ವಾಪಸ್.

ಬೆಳ್ತಂಗಡಿಯವ:
ಮಳೆಗಾಲದಲ್ಲಿ ಶಿರಾಡಿ ಘಾಟಿಯ ಕಥೆ ಕೇಳುವುದೇ ಬೇಡ. ಗುಡ್ಡ ಜಾರಿದರೆ ರಸ್ತೆ ಬಂದ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ಸಿನಲ್ಲಿ ಹೋಗುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ, ಅವರಿಗೆ ಚಾರ್ಮಾಡಿಯೂ ಕೈಕೊಟ್ಟರೆ ಮತ್ತೆಂತ ದಾರಿ.

ಕುಂದಾಪ್ರದ ಹುಡುಗ:
ಅರ್ಥ ಆಯಿತು ಸರ್. ಆದರೂ ಬೆಳಿಗ್ಗೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ಅದಕ್ಕೆ ಸೈಕ್ಲೋಟ್ರಾನ್ ಬೇಡ ಅಲ್ವಾ.

ಹಳೆ ಸರ್ಜನ್:
ಹೌದು. ಫೋನ್ ಮಾಡಬೇಕಿತ್ತು.

ಬೀಡಿ ಮನೆ ಮಗಳು:
ಇಲ್ಲಿ ಎಲ್ಲರೂ ಆಸ್ಪತ್ರೆಯ ಒಳಗಿನ ಕತೆ ಹೇಳುತ್ತಿದ್ದೀರಿ. ಆಸ್ಪತ್ರೆಯ ತನಕ ಬರುವ ಕತೆ ನಾನು ಹೇಳುತ್ತೇನೆ.

ನನ್ನ ಅಮ್ಮ ಬಂಟ್ವಾಳ ತಾಲೂಕಿನಲ್ಲಿ ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಕಟ್ಟದ ದಿನ ಕೂಲಿ ಇಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರಿಗೆಲ್ಲ ತಪಾಸಣೆಯ ಫಾರ್ಮ್ ತುಂಬಿಸಿಕೊಂಡರು, ಬಾಯಿ, ಸ್ತನ, ಗರ್ಭಕೊರಳು ಮೂರರ ಕ್ಯಾನ್ಸರಿಗೂ ನೋಡಿಸಿ ಅಂತ. ಅಮ್ಮ ಹೋದರು. ಬಾಯಿಯ ಒಳಗೆ ಬಿಳಿ ಮಚ್ಚೆ ಉಂಟು, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಅಂತ ಚೀಟಿ ಕೊಟ್ಟರು. ಆ ಚೀಟಿ ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ತಿಂಗಳುಗಟ್ಟಲೆ ಇತ್ತು. ನಾನು ಬೆಂಗಳೂರಿನಿಂದ ರಜೆಗೆ ಬಂದಾಗ ನೋಡಿದೆ.

ಯಾಕೆ ಹೋಗಲಿಲ್ಲ ಅಂತ ಕೇಳಿದರೆ, ಯಾರ ಹತ್ತಿರ ಹೋಗುವುದು, ಯಾವ ಕೌಂಟರು, ಒಬ್ಬಳೇ ಹೇಗೆ, ಬೀಡಿ ಎಲೆ ಒದ್ದೆ ಮಾಡಿ ಇಟ್ಟದ್ದು ಹಾಳಾಗುತ್ತದೆ, ಬೀಡಿ ಕಡಿಮೆ ಆದರೆ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಎಂತ ಹೇಳುತ್ತಾರೋ. ಒಂದಲ್ಲ, ಇಪ್ಪತ್ತು ಕಾರಣ. ಒಂದೂ ಸುಳ್ಳಲ್ಲ. ಚೀಟಿ ಕೊಟ್ಟ ಮೇಲೆ ಹೋದಿರಾ ಅಂತ ಒಬ್ಬರೂ ಕೇಳಲಿಲ್ಲ. ಪುಣ್ಯಕ್ಕೆ ಅಮ್ಮನ ಮಚ್ಚೆ ಕ್ಯಾನ್ಸರ್ ಆಗಿರಲಿಲ್ಲ, ಈಗ ಆರು ತಿಂಗಳಿಗೊಮ್ಮೆ ತೋರಿಸುತ್ತೇವೆ.

ಜೀನ್ ಟೆಸ್ಟ್ ಎಷ್ಟು ದೊಡ್ಡದಾದರೂ ಬರಲಿ, ಅದು ಮೊದಲು ಸಿಗುವುದು ಕೌಂಟರಿನಲ್ಲಿ ಮಾತಾಡಲಿಕ್ಕೆ ಬರುವವರಿಗೆ. ಚೀಟಿ ಹಿಡಿದವರ ಜೊತೆ ನಡೆಯುವ ಒಬ್ಬ ಮನುಷ್ಯ ಬೇಕು. ತುಳು, ಬ್ಯಾರಿ, ಕೊಂಕಣಿ ಬರಬೇಕು. ನಿಮ್ಮ ಹಣದಲ್ಲಿ ಅಂತಹ ಇಬ್ಬರಿಗೆ ಸಂಬಳ ಕೊಡಿ.

ಪಡುಬಿದ್ರಿ ಕಡಲು:
ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಬಳಗದ ಗುಂಪಿಗೆ ಹಾಕುತ್ತೇನೆ.

ಹಳೆ ಸರ್ಜನ್:
ಬಾಯಿಯ ಕ್ಯಾನ್ಸರ್ ನಮ್ಮ ಕಡೆ ಮುಖ್ಯ ಕಾಯಿಲೆ. ತಂಬಾಕು ಮಾತ್ರ ಅಲ್ಲ, ಎಲೆ ಅಡಿಕೆಯೂ ಕಾರಣ. ಅದಕ್ಕೆ ಟಾರ್ಚು ಹಿಡಿದು ನೋಡುವ ಕಣ್ಣು ಸಾಕು, ಯಂತ್ರ ಬೇಡ.

ಅಡಿಕೆ ತೋಟ ಪುತ್ತೂರು:
ಇಲ್ಲಿಗೂ ಬಂತಾ ಅಡಿಕೆ? ತಲೆತಲಾಂತರದಿಂದ ಎಲೆ ಅಡಿಕೆ ತಿಂದ ನಮ್ಮ ಹಿರಿಯರು ತೊಂಬತ್ತು ಬದುಕಿದ್ದಾರೆ. ಗುಟ್ಕಾದವರ ತಪ್ಪನ್ನು ಬೆಳೆಗಾರನ ತಲೆಗೆ ಕಟ್ಟಬೇಡಿ. ಎರಡು ಜಿಲ್ಲೆಯ ಅರ್ಧ ಮನೆಗಳು ಅದರಲ್ಲಿ ಅನ್ನ ತಿನ್ನುತ್ತಿವೆ. ಹಳದಿ ರೋಗ, ಎಲೆಚುಕ್ಕಿ ಅಂತ ತೋಟವೇ ಹೋಗುತ್ತಿರುವಾಗ ಇದೊಂದು.

ಹಳೆ ಸರ್ಜನ್:
ನನ್ನ ಮನೆಯದ್ದೂ ತೋಟವೇ. ಬೆಳೆಗಾರರ ಮೇಲೆ ನನಗೆ ದೂರಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಐಎಆರ್‌ಸಿ, 2004ರಲ್ಲೇ ಅಡಿಕೆಯನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಸಾಬೀತಾದವುಗಳ ಗುಂಪಿಗೆ ಸೇರಿಸಿದೆ. ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ ಸೇರಿಸಿಯೇ. ಬಾಯಿ ತೆರೆಯಲಾಗದೆ ಬರುವ ಹುಡುಗರನ್ನು ನೋಡಿದವ ನಾನು, ಎರಡು ಬೆರಳು ಒಳಗೆ ಹೋಗುವುದಿಲ್ಲ. ತಿಂದವರೆಲ್ಲರಿಗೂ ಬರುವುದಿಲ್ಲ, ಅದು ನಿಜ. ಬಂದವರನ್ನು ನೋಡಿದ ಮೇಲೆ ಸುಮ್ನೆ ಇರಲಿಕ್ಕೆ ಆಗುವುದಿಲ್ಲ.

ಅಡಿಕೆ ತೋಟ ಪುತ್ತೂರು:
ಸಂಶೋಧನೆ ಇನ್ನೂ ಆಗಬೇಕು ಅಂತ ನಮ್ಮ ವಾದ. ನಿಮಗೆ ಗೌರವ ಕೊಟ್ಟೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ.

ನಿರ್ವಾಹಕರು:
ಅಡಿಕೆಗೆ ಬೇರೆ ಚರ್ಚೆ ಉಂಟು. ಇಲ್ಲಿ ಟೆಸ್ಟಿನ ವಿಷಯ ಮಾತ್ರ. ಮುಂದಿನದ್ದನ್ನು ಅಲ್ಲಿಗೆ ಕಳಿಸುತ್ತೇವೆ.

ಬೆಳ್ತಂಗಡಿಯವ:
ಕ್ಯಾಂಪಿನ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಕಳೆದ ಬಾರಿ ನಮ್ಮ ಊರಲ್ಲಿ ಒಂದು ಕಂಪೆನಿಯವರು ಮಾಡಿದರು. ರಕ್ತ ತೆಗೆದು ಟ್ಯೂಮರ್ ಮಾರ್ಕರ್, ಅಂದರೆ ಕೆಲವು ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ವಸ್ತುಗಳನ್ನು ನೋಡಿದರು. ಪಕ್ಕದ ಮನೆಯ ಅಕ್ಕನಿಗೆ ಸಿಎ 125 ಅನ್ನುವ ಮಾರ್ಕರ್ ಜಾಸ್ತಿ ಅಂತ ವಾಟ್ಸಾಪಿನಲ್ಲಿ ಕೆಂಪು ಅಕ್ಷರದಲ್ಲಿ ರಿಪೋರ್ಟ್ ಬಂತು. ಫೋನ್ ಮಾಡಿದರೆ ನಿಮ್ಮ ಡಾಕ್ಟರನ್ನು ಕೇಳಿ ಅಂದರು. ಅವರಿಗೆ ಡಾಕ್ಟರೇ ಇಲ್ಲ. ಒಂದು ವಾರ ಮನೆಯಲ್ಲಿ ಒಲೆ ಹತ್ತಲಿಲ್ಲ ಅನ್ನಿ. ಕೊನೆಗೆ ಸ್ಕ್ಯಾನ್ ಮಾಡಿಸಿದರೆ ಎಂಡೋಮೆಟ್ರಿಯೋಸಿಸ್, ಕ್ಯಾನ್ಸರ್ ಅಲ್ಲದ ಹೆಂಗಸರ ಒಂದು ಕಾಯಿಲೆ.

ಹಳೆ ಸರ್ಜನ್:
ಸಿಎ 125 ಮುಟ್ಟಿನ ಸಮಯದಲ್ಲೂ ಏರುತ್ತದೆ, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಸಿಇಎ ಅನ್ನುವ ಇನ್ನೊಂದು ಮಾರ್ಕರ್ ಸಿಗರೇಟು ಸೇದುವವರಲ್ಲಿ ಜಾಸ್ತಿ ಇರುತ್ತದೆ. ಇವು ಇರುವುದು ಕ್ಯಾನ್ಸರ್ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ನಡೆಯುತ್ತಿದೆ ಅಂತ ನೋಡಲಿಕ್ಕೆ. ಆರಾಮ ಇರುವ ಜನರನ್ನು ಸಾಲಲ್ಲಿ ನಿಲ್ಲಿಸಿ ಹುಡುಕಲಿಕ್ಕೆ ಅಲ್ಲ.

ರಕ್ತದಲ್ಲಿ ಕ್ಯಾನ್ಸರಿನ ಡಿಎನ್‌ಎ ಹುಡುಕುವ ಹೊಸ ಟೆಸ್ಟ್ ಬೇರೆ. ಅದರ ಮೇಲೆ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸುಮಾರು 1,40,000 ಜನರನ್ನು ಸೇರಿಸಿ ಪರೀಕ್ಷೆ ನಡೆಸಿತು. ಅಷ್ಟು ದೊಡ್ಡ ವ್ಯವಸ್ಥೆಯೇ ಮೊದಲು ಪರೀಕ್ಷಿಸಿ ನೋಡೋಣ ಅನ್ನುವಾಗ ನಾವು ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ ಮಾಡುವುದು ಬೇಡ. ಹುಡುಕಿದ್ದೆಲ್ಲ ಒಳ್ಳೆಯದಕ್ಕೆ ಅಂತ ತಿಳಿಯಬೇಡಿ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನ್ ಜಾಸ್ತಿ ಮಾಡಿದ್ದಕ್ಕೆ 1993ರಿಂದ 2011ರ ಒಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಸಾವು ಮಾತ್ರ ಇದ್ದಷ್ಟೇ ಇತ್ತು. ಎಷ್ಟು ಜನರ ಕುತ್ತಿಗೆ ಸುಮ್ಮನೆ ಕೊಯ್ದರು ಯೋಚಿಸಿ.

ಸುರತ್ಕಲ್ ಕೋಡರ್:
ಕ್ಯಾಂಪ್ ಬೇಡ ಅನ್ನುವುದಕ್ಕೆ ನಾನೂ ಸೈ. ಆದರೆ ಹೊಸದು ಎಲ್ಲವೂ ಬೇಡ ಅಂತ ಆಗಬಾರದು. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಡಿಎನ್‌ಎ ಟೆಸ್ಟ್ ಉಂಟಲ್ಲ?

ಲ್ಯಾಬ್ ಅಕ್ಕ:
ಅದು ಒಳ್ಳೆಯ ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗರ್ಭಕೊರಳಿಗೆ ಮೊದಲ ಟೆಸ್ಟ್ ಆಗಿ ಎಚ್‌ಪಿವಿ ಡಿಎನ್‌ಎ ಮಾಡಿ ಅಂತ ಹೇಳಿತು. 30 ವರ್ಷದಿಂದ ಶುರು, 5ರಿಂದ 10 ವರ್ಷಕ್ಕೊಮ್ಮೆ ಸಾಕು. ನಮ್ಮಲ್ಲಿ ಈಗ ಹೆಚ್ಚಾಗಿ ಮಾಡುವುದು ವಿನೆಗರ್ ಹಚ್ಚಿ ಕಣ್ಣಿನಲ್ಲಿ ನೋಡುವುದು. ಡಿಎನ್‌ಎ ಟೆಸ್ಟಿನ ಇನ್ನೊಂದು ಲಾಭ, ಹೆಂಗಸರು ತಾವೇ ಸ್ಯಾಂಪಲ್ ತೆಗೆದುಕೊಳ್ಳಬಹುದು. ಪರದೆಯ ಹಿಂದೆ ಹೋಗಿ ಒಂದು ಕಡ್ಡಿ. ನಾಚಿಕೆಯಿಂದ ಬಾರದೇ ಇರುವವರು ಎಷ್ಟು ಜನ ಅಂತ ಹೆಂಗಸರಿಗೆ ಗೊತ್ತು. ಟಿಬಿಗೆ, ಕೋವಿಡ್‌ಗೆ ಅಂತ ಬಂದ ಟ್ರೂನ್ಯಾಟ್ ಯಂತ್ರಗಳು ಎಷ್ಟೋ ಸರಕಾರಿ ಕೇಂದ್ರಗಳಲ್ಲಿ ಇವೆ, ಗೋವಾದ ಕಂಪೆನಿಯದ್ದು. ಎಚ್‌ಪಿವಿಗೂ ಅದರಲ್ಲಿ ಚಿಪ್ ಬರುತ್ತದೆ. ಇದ್ದ ಯಂತ್ರಕ್ಕೆ ಹೊಸ ಕೆಲಸ ಕೊಡುವುದು ಹೊಸ ಯಂತ್ರ ತರುವುದಕ್ಕಿಂತ ಸುಲಭ.

ಬೀಡಿ ಮನೆ ಮಗಳು:
ಪಾಸಿಟಿವ್ ಬಂದವರನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಮೊದಲೇ ಬರೆದಿಟ್ಟು ಮಾಡಿ. ಇಲ್ಲದಿದ್ದರೆ ಮತ್ತೊಂದು ಚೀಟಿ.

ಮಲ್ಪೆ ಬಂದರು:
ಎಲ್ಲರೂ ಕಾರ್ಡ್ ಇದ್ದವರ ಮಾತೇ ಆಡುತ್ತಿದ್ದೀರಿ. ಬೋಟಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ನಮ್ಮಲ್ಲಿ ಎಷ್ಟು ಮಂದಿ. ಅವರ ರೇಷನ್ ಕಾರ್ಡ್ ಊರಲ್ಲಿ, ಆಧಾರಿನ ಫೋನ್ ನಂಬರು ಯಾವುದೋ ಹಳೆಯದ್ದು, ಒಟಿಪಿ ಬರುವುದಿಲ್ಲ. ಕಾಯಿಲೆ ಗೊತ್ತಾದ ಕೂಡಲೇ ರೈಲು ಹತ್ತಿ ಊರಿಗೆ. ಆಮೇಲೆ ಎಂತ ಆಯಿತು ನಮಗೂ ಗೊತ್ತಾಗುವುದಿಲ್ಲ. ಕೊರಗ ಕಾಲನಿಗಳಲ್ಲೂ ಹಾಗೆ, ಕಾರ್ಡ್ ಇದ್ದರೂ ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಮುಖ ಕೊಟ್ಟು ಮಾತಾಡಿಸಿದರೆ ಮಾತ್ರ ಒಳಗೆ ಬರುತ್ತಾರೆ.

ಕಾರ್ಡ್ ವಿಚಾರ:
ಆಯುಷ್ಮಾನ್ ಕಾರ್ಡ್ ಯೋಜನೆಗೆ ಸೇರಿದ ಬೇರೆ ರಾಜ್ಯದಲ್ಲೂ ನಡೆಯಬೇಕು ಅಂತ ನಿಯಮವೇ ಉಂಟು. ಆದರೆ ಮಲ್ಪೆಯವರು ಹೇಳಿದ ಒಟಿಪಿ ಸಮಸ್ಯೆ ನೂರಕ್ಕೆ ನೂರು ನಿಜ. ನಂಬರ್ ಬದಲಾಯಿಸಲು ಆಧಾರ್ ಕೇಂದ್ರಕ್ಕೆ ಮೊದಲು ಹೋಗಬೇಕು. ರೋಗಿ ಮಲಗಿದ ಮೇಲೆ ಅಲ್ಲ, ಈಗಲೇ ಬೋಟಿನ ಮಾಲಕರು ಮಾಡಿಸಿ ಇಡಬಹುದು.

ಕುಂದಾಪ್ರದ ಹುಡುಗ:
ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಬೇಡಿ. ಟೆಸ್ಟ್ ಮಾಡಿಸಿ ಇಂಥ ಮದ್ದು ಬೇಕು ಅಂತ ಗೊತ್ತಾಗಿ, ಆ ಮದ್ದು ತಿಂಗಳಿಗೆ ಲಕ್ಷ ಅಂತಾದರೆ? ಬಡವನಿಗೆ ಆ ಟೆಸ್ಟ್ ಮಾಡಿಸಿ ಏನು ಪ್ರಯೋಜನ? ಗೊತ್ತಾಗದೆ ಇದ್ದರೇ ಮನಸ್ಸಿಗೆ ನೆಮ್ಮದಿ ಅಲ್ವಾ?

ಹಳೆ ಸರ್ಜನ್:
ಇದೇ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಟೆಸ್ಟ್ ಆರಿಸಬೇಕು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ ಬದಲಾವಣೆ ಏಷ್ಯಾದವರಲ್ಲಿ ಯುರೋಪಿನವರಿಗಿಂತ ಜಾಸ್ತಿ. ಸಿಗರೇಟು ಮುಟ್ಟದವರಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಜೆಫಿಟಿನಿಬ್ ಮಾತ್ರೆ ಉಂಟು, ಜೆನೆರಿಕ್ ಆಗಿ ಕಡಿಮೆ ದರಕ್ಕೆ ಸಿಗುತ್ತದೆ. ಹೊಸ ಮಾತ್ರೆ ಇನ್ನೂ ಒಳ್ಳೆಯದು, ಆದರೆ ಬಹಳ ದುಬಾರಿ. ಹಳೆಯದೂ ಕೆಲಸ ಮಾಡುತ್ತದೆ. ಕೀಮೋ ಮಾಡಿಸಿ ಸುಸ್ತಾಗುವ ಬದಲು ಮಾತ್ರೆ ತಿಂದು ಮನೆಯಲ್ಲಿ ಇರಬಹುದು. ಇಜಿಎಫ್‌ಆರ್ ಒಂದನ್ನೇ ನೋಡುವ ಪಿಸಿಆರ್ ಟೆಸ್ಟ್, ನೂರಾರು ಜೀನ್ ನೋಡುವ ದೊಡ್ಡ ಪ್ಯಾನೆಲ್‌ಗಿಂತ ಎಷ್ಟೋ ಅಗ್ಗ.

ಸ್ತನದ ಹರ್2 ಕೂಡ ಹೀಗೆಯೇ. ಹರ್2 ಪಾಸಿಟಿವ್ ಬಂದವರಿಗೆ ಕೊಡುವ ಟ್ರಾಸ್ಟುಝುಮಾಬ್ ಮದ್ದಿಗೆ ಹಿಂದೆ ಕೈಗೆ ಸಿಗದ ಬೆಲೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ಆವೃತ್ತಿ ತಂದಿತು, ಆಮೇಲೆ ಬೇರೆಯವರೂ ತಂದರು. ಬೆಲೆ ಇಳಿಯಿತು. ಟೆಸ್ಟ್ ನೆಗೆಟಿವ್ ಬಂದರೂ ಲಾಭ, ಕೆಲಸಕ್ಕೆ ಬಾರದ ಮದ್ದಿಗೆ ಗದ್ದೆ ಮಾರುವುದು ತಪ್ಪುತ್ತದೆ.

ಹಾಗಾಗಿ ಬಳಗದವರು ಎಲ್ಲರಿಗೂ ದೊಡ್ಡ ಪ್ಯಾನೆಲ್ ಅಂತ ಹೊರಡಬೇಡಿ. ಮದ್ದು ಸಿಗುವ ಟೆಸ್ಟ್ ಮೊದಲು.

ಇಬ್ಬರು ತಂಗಿಯರ ಅಕ್ಕ:
ಜೀನ್ ಟೆಸ್ಟ್ ಅಂತ ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೀರಿ. ಗಡ್ಡೆಯ ಜೀನ್ ನೋಡುವುದು ಬೇರೆ, ಹುಟ್ಟಿನಿಂದ ಬಂದದ್ದನ್ನು ನೋಡುವುದು ಬೇರೆ. ನನಗೆ ಅಂಡಾಶಯದ ಕ್ಯಾನ್ಸರ್, ಹುಟ್ಟಿನಿಂದ ಬರುವ ಬಿಆರ್‌ಸಿಎ1 ಜೀನಿನ ದೋಷ ಪಾಸಿಟಿವ್. ರಿಪೋರ್ಟ್ ಕೈಗೆ ಕೊಟ್ಟರು, ತಂಗಿಯರಿಗೂ ಮಾಡಿಸಿ ಅಂದರು, ಮುಗಿಯಿತು. ಒಬ್ಬಳಿಗೆ ಆಗ ಸಂಬಂಧ ನೋಡುತ್ತಿದ್ದರು. ಅಮ್ಮ ಆ ರಿಪೋರ್ಟನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರು. ನಮ್ಮ ಜೊತೆ ಕೂತು ಇದರ ಅರ್ಥ ಇಷ್ಟು, ಇಂತಿಷ್ಟು ದಾರಿ ಉಂಟು ಅಂತ ಹೇಳುವವರು ಬೇಕಿತ್ತು. ಅಂತಹವರು ಇದ್ದಾರೆ ಅಂತ ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಇನ್ಶೂರೆನ್ಸಿನ ಹೆದರಿಕೆ ಬೇರೆ. 2018ರಲ್ಲಿ ದಿಲ್ಲಿ ಹೈಕೋರ್ಟ್ ಒಂದು ಕೇಸಿನಲ್ಲಿ, ಆನುವಂಶಿಕ ಕಾಯಿಲೆ ಅಂತ ಒಟ್ಟಾರೆ ಹೊರಗಿಡುವ ಷರತ್ತು ತಾರತಮ್ಯ ಅಂತ ಹೇಳಿತು. ಆ ತೀರ್ಪಿನ ಹೆಸರು ಹೇಳಿದ್ದಕ್ಕೆ ಏಜೆಂಟ್ ಮಾತು ಬದಲಾಯಿಸಿದ. ಗೊತ್ತಿದ್ದವರು ಎಷ್ಟು ಜನ?

ಹುಟ್ಟಿನಿಂದ ಬರುವ ಜೀನಿನ ಟೆಸ್ಟಿಗೆ ಹಣ ಕೊಡುವುದಾದರೆ ಕೌನ್ಸೆಲಿಂಗಿಗೂ ಸೇರಿಸಿ ಕೊಡಿ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಇಲ್ಲ ಅನ್ನಬೇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ.

ಲ್ಯಾಬ್ ಅಕ್ಕ:
ನಿಮ್ಮ ತಂಗಿಯರು ಹೇಗಿದ್ದಾರೆ ಈಗ?

ಇಬ್ಬರು ತಂಗಿಯರ ಅಕ್ಕ:
ಒಬ್ಬಳು ಮಾಡಿಸಿಕೊಂಡಳು, ನೆಗೆಟಿವ್. ಇನ್ನೊಬ್ಬಳು ಬೇಡ ಅಂದಳು. ಅವಳ ಇಷ್ಟ ಅಂತ ಬಿಟ್ಟಿದ್ದೇನೆ.

ಪಡುಬಿದ್ರಿ ಕಡಲು:
ನಿನ್ನೆ ರಾತ್ರಿ ಬಳಗದವರು ಫೋನಿನಲ್ಲಿ ಕೂತು ಮಾತಾಡಿದೆವು. ಯಂತ್ರ ಬೇಡ, ಕ್ಯಾಂಪ್ ಬೇಡ ಅಂತ ಆಯಿತು. ದುಬೈಯ ಇಬ್ಬರಿಗೆ ಇನ್ನೂ ಸಮಾಧಾನ ಇಲ್ಲ. ಯಂತ್ರವಾದರೆ ಅವನ ಹೆಸರಿನ ಫಲಕ ಇರುತ್ತಿತ್ತು ಅನ್ನುತ್ತಾರೆ. ಅವರ ಬೇಜಾರು ನಮಗೆ ಅರ್ಥ ಆಗುತ್ತದೆ, ಅವನನ್ನು ಅಷ್ಟು ಹಚ್ಚಿಕೊಂಡಿದ್ದರು.

ಹಣದ ಒಂದು ಪಾಲು ಬಯಾಪ್ಸಿ, ಐಎಚ್‌ಸಿ, ಫಿಶ್, ಇಜಿಎಫ್‌ಆರ್ ಟೆಸ್ಟಿಗೆ, ಕಾರ್ಡ್ ಶುರುವಾಗುವ ಮೊದಲಿನ ವಾರಗಳಿಗೆ. ಇನ್ನೊಂದು ಪಾಲು ಜೊತೆಗೆ ನಡೆಯುವ ಇಬ್ಬರ ಸಂಬಳಕ್ಕೆ, ಅದರಲ್ಲಿ ಒಬ್ಬರಾದರೂ ಹೆಂಗಸು. ಉಳಿದದ್ದು ತಾಲೂಕು ಆಸ್ಪತ್ರೆಗಳಿಗೆ ಫಾರ್ಮಲಿನ್ ತುಂಬಿದ ಡಬ್ಬಿ ಮತ್ತು ತರಬೇತಿಗೆ. ಲ್ಯಾಬ್ ಅಕ್ಕ, ನೀವು ಬರುತ್ತೀರಾ?

ಲ್ಯಾಬ್ ಅಕ್ಕ:
ಬರುತ್ತೇನೆ. ಆದರೆ ಫಾರ್ಮಲಿನ್ ನೀವಾಗಿ ತುಂಬಿಸಬೇಡಿ. ಅದು ವಿಷ, ಕಣ್ಣು ಮೂಗು ಉರಿಯುತ್ತದೆ. ಲ್ಯಾಬಿಗೆ ಬರುವುದು 37ರಿಂದ 40 ಶೇಕಡಾ ಫಾರ್ಮಾಲ್ಡಿಹೈಡ್ ಇರುವ ದ್ರಾವಣ, ಅದರ ಒಂದು ಪಾಲಿಗೆ ನೀರು ಒಂಬತ್ತು ಪಾಲು, ಜೊತೆಗೆ ಬಫರ್ ಉಪ್ಪು. ತುಂಬಿಸಿದ ಡಬ್ಬಿಯೇ ಕೊಳ್ಳಲಿಕ್ಕೆ ಸಿಗುತ್ತದೆ. ಮೊದಲು ಜಿಲ್ಲಾ ಆರೋಗ್ಯಾಧಿಕಾರಿಯ ಅನುಮತಿ ಕೇಳಿ, ಇಲ್ಲದಿದ್ದರೆ ಡಬ್ಬಿಗಳು ಸ್ಟೋರಿನಲ್ಲೇ ಕೂರುತ್ತವೆ. ಮಾತಾಡಬೇಕಾದ್ದು ಡಾಕ್ಟರ ಹತ್ತಿರ ಮಾತ್ರ ಅಲ್ಲ, ಆಪರೇಷನ್ ಥಿಯೇಟರಿನ ಸಿಸ್ಟರ್ ಮತ್ತು ಬಾಟ್ಲಿ ಬಸ್ಸಿಗೆ ಕೊಡುವ ಅಟೆಂಡರ್ ಹತ್ತಿರವೂ.

ಕಾರ್ಡ್ ವಿಚಾರ:
ಹಣ ರೋಗಿಯ ಕೈಗೆ ಕೊಡಬೇಡಿ, ಲ್ಯಾಬಿಗೆ ನೇರ ಕಟ್ಟಿ. ದರ ಮೊದಲೇ ಮಾತಾಡಿ ಬರೆಸಿಕೊಳ್ಳಿ. ಮತ್ತೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲ ದಿನವೇ ಮಾಡಿಸಿ, ಅದಿಲ್ಲದೆ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ಹಿಡಿಯುವುದಿಲ್ಲ. 2025ರ ಕೇಂದ್ರ ಬಜೆಟ್ಟಿನಲ್ಲಿ 3 ವರ್ಷದಲ್ಲಿ ಎಲ್ಲಾ ಜಿಲ್ಲಾ ಆಸ್ಪತ್ರೆಯಲ್ಲೂ ಕ್ಯಾನ್ಸರ್ ಡೇ ಕೇರ್, ಅಂದರೆ ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಹೋಗುವ ಕೇಂದ್ರ ಅಂತ ಹೇಳಿದ್ದಾರೆ. ಕೀಮೋ ಹತ್ತಿರ ಬಂದರೆ ಒಳ್ಳೆಯದೇ. ಟೆಸ್ಟಿನ ಖರ್ಚನ್ನೂ ಅದರ ಜೊತೆ ಸೇರಿಸಿ ಅಂತ ನಮ್ಮ ಶಾಸಕರಿಗೆ, ಸಂಸದರಿಗೆ ನಾವೆಲ್ಲ ಬರೆಯಬೇಕು. ನಿಮ್ಮ ಹಣ ಖಾಲಿ ಆದ ಮೇಲೂ ರೋಗಿಗಳು ಬರುತ್ತಲೇ ಇರುತ್ತಾರೆ.

ತಲಪಾಡಿ ಗೇಟು:
ತಡವಾಗಿ ಬಂದೆ. ಕಾಸರಗೋಡಿನವರಿಗೆ ಸಿಗುತ್ತದಾ ಇದು? ನಮಗೆ ಮಂಗಳೂರೇ ಹತ್ತಿರ. 2020ರಲ್ಲಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ಇಲ್ಲೇ ನಿಂತದ್ದು ನಾವು ಮರೆತಿಲ್ಲ.

ಪಡುಬಿದ್ರಿ ಕಡಲು:
ಸಿಗಬೇಕು. ವಿಳಾಸ ನೋಡಿ ಕೊಡುವುದಲ್ಲ, ಮಂಗಳೂರು ಅಥವಾ ಮಣಿಪಾಲದಲ್ಲಿ ತೋರಿಸುತ್ತಿರುವ ಯಾರಿಗಾದರೂ ಅಂತ ಬರೆಯುತ್ತೇವೆ. ಹೊನ್ನಾವರ, ಭಟ್ಕಳದವರೂ ಬರುತ್ತಾರಲ್ಲ.

ಬೀಡಿ ಮನೆ ಮಗಳು:
ಜೊತೆ ನಡೆಯುವ ಕೆಲಸಕ್ಕೆ ನಮ್ಮ ಊರಿನ ಒಬ್ಬರನ್ನು ಹೇಳುತ್ತೇನೆ. ಬೀಡಿ ಕಟ್ಟುತ್ತಿದ್ದವರು, ತುಳು, ಬ್ಯಾರಿ ಎರಡೂ ಬರುತ್ತದೆ, ಗಂಡನ ಕ್ಯಾನ್ಸರಿನಲ್ಲಿ ಎಲ್ಲಾ ಕೌಂಟರು ನೋಡಿದ್ದಾರೆ. ಡಿಗ್ರಿ ಇಲ್ಲ. ಡಿಗ್ರಿ ಕೇಳಬೇಡಿ.

ಪಡುಬಿದ್ರಿ ಕಡಲು:
ಕೇಳುವುದಿಲ್ಲ. ಅವರಿಗೆ ಒಪ್ಪಿಗೆ ಇದ್ದರೆ ನನಗೊಬ್ಬನಿಗೇ ಕಾಣುವ ಹಾಗೆ ಮೆಸೇಜ್ ಮಾಡಿ, ಇಲ್ಲಿ ನಂಬರ್ ಹಾಕಬೇಡಿ.

ಬೆಳ್ತಂಗಡಿಯವ:
ಉಜಿರೆ, ಗುರುವಾಯನಕೆರೆ ಕಡೆ ಡಬ್ಬಿ ತಲುಪಿಸಲಿಕ್ಕೆ ಜನ ಬೇಕಾದರೆ ನಾನಿದ್ದೇನೆ. ಶನಿವಾರ ರಜೆ, ಗಾಡಿ ಉಂಟು.